ಬುದ್ಧಿವಾದ ಹೇಳಿ ಕಳುಹಿಸಲಾಗಿದೆ

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ಯಾರು ಕಟ್ಟಿದರೋ ಗೊತ್ತಿಲ್ಲ. ಉಂಡ ತಾಟು ತೊಳೆಯುವವಳಂತೂ ಕಟ್ಟಿರಲಿಕ್ಕಿಲ್ಲ. ಓಣಿಯ ಕಟ್ಟೆಯ ಮೇಲೆ ಕುಳಿತು ಯಾರೋ ಈ ಮಾತು ಹೇಳಿದರೆ ಕೇಳಿಸಿಕೊಂಡು ಸುಮ್ಮನಾಗಬಹುದು. ಆದರೆ ಸರಕಾರದ ಸಂಬಳ ಪಡೆದು, ಖಾಕಿ ತೊಟ್ಟು ಕುರ್ಚಿಯಲ್ಲಿ ಕುಳಿತವರು ಅದನ್ನೇ ಕಾನೂನಿನ ಕಲಮು ಎಂಬಂತೆ ಹೇಳಿದರೆ ಸುಮ್ಮನಿರಬೇಕೆ? ಇರಬಾರದು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಪ್ಪ ಅವ್ವನ ಮೇಲೆ ಕೈ ಮಾಡುತ್ತಿದ್ದರು. ನಮ್ಮ ಓಣಿಗೆ ಇದು ಗುಟ್ಟಲ್ಲ. ಬಾಗಿಲು ಹಾಕಿಕೊಂಡರೆ ಸದ್ದು ಕೇಳುವುದಿಲ್ಲ ಎಂದು ನಂಬಿದ್ದವರು ಅವರೊಬ್ಬರೇ. 2023ರ ಮಳೆಗಾಲದಲ್ಲಿ, ಅವ್ವನಿಗೆ ಆಗ 73 ವರ್ಷ, ಹಾಲಿನವನಿಗೆ ಕೊಡಬೇಕಾದ ದುಡ್ಡು ಕೇಳಿದಳೆಂದು ಅಪ್ಪ ತಮ್ಮ ಊರುಗೋಲಿನಿಂದಲೇ ಹೊಡೆದರು. ಎಡಗೈ ಅಡ್ಡ ಹಿಡಿದಳು. ಮಣಿಕಟ್ಟಿನ ಮೂಳೆ ಮುರಿಯಿತು. ಸರಕಾರಿ ಆಸ್ಪತ್ರೆಯ ಡಾಕ್ಟರು ಹೇಗಾಯಿತೆಂದು ಕೇಳಿ, ಅವ್ವ ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡರು. ಆ ಚೀಟಿಯ ನಕಲು ಲಗತ್ತಿಸಿ, ತಾರೀಖು, ಹೊತ್ತು, ನಡೆದದ್ದು ಎಲ್ಲವನ್ನೂ ಎರಡು ಹಾಳೆಯಲ್ಲಿ ಬರೆದು ನಾನು ಠಾಣೆಗೆ ಒಯ್ದೆ.

‘ಅಕ್ಕೋರ, ನೀವು ಕಲಿತವ್ರು. ಹೆತ್ತಪ್ಪನ ಮ್ಯಾಲ ಕೇಸ್ ಮಾಡ್ತೀರೇನು?’ ಎಂದು ಅಲ್ಲಿಯ ಸಾಹೇಬರು ಕೇಳಿದರು. ನನ್ನ ದೂರನ್ನು ಪೇಪರ್‌ವೇಟಿನ ಕೆಳಗಿಟ್ಟರು. ಸ್ವೀಕೃತಿ ಕೇಳಿದ್ದಕ್ಕೆ ‘ನಾಳೆ ಬರ್ರಿ’ ಎಂದರು. ಆ ನಾಳೆ ನಾಲ್ಕು ಸಲ ಬಂತು. ನಾಲ್ಕೂ ಸಲ ಪ್ಲಾಸ್ಟರು ಹಾಕಿದ ಕೈಯ ಅವ್ವನನ್ನು ಠಾಣೆಗೆ ಕರೆಸಿದರು. ಅಪ್ಪನಿಗೆ ‘ಬರ್ರಿ ಯಜಮಾನ್ರ’ ಎಂದು ಕುರ್ಚಿ, ಚಹಾ. ಅವ್ವನಿಗೆ ಗೋಡೆಗೆ ಹಾಕಿದ ಬೆಂಚು. ಹೊಡೆದವರ ಎದುರಿಗೇ ಹೊಡೆಸಿಕೊಂಡವಳನ್ನು ಕೂಡಿಸಿ, ‘ಅಜ್ಜಿ, ಈ ವಯಸ್ಸಿನ್ಯಾಗ ಏನ್ ಕೇಸು? ಇನ್ನೆಷ್ಟ ದಿನಾ ಉಳದಾವು? ಹೊಂದ್ಕೊಂಡು ಹೋಗ್ರಿ’ ಎಂದರು. ಇಪ್ಪತ್ತು ದಿನ ಕಳೆದ ಮೇಲೆ ನನ್ನ ಕೈಗೆ ಒಂದು ಹಿಂಬರಹ ಕೊಟ್ಟರು.

ಅದರ ಒಕ್ಕಣೆ ಹೀಗಿತ್ತು: ‘ಅರ್ಜಿದಾರರ ತಾಯಿಯವರು ಹಾಗೂ ಎದುರುದಾರರು ವಯೋವೃದ್ಧರಿದ್ದು, ಸಾಂಸಾರಿಕ ವಿಷಯದಲ್ಲಿ ಕ್ಷುಲ್ಲಕ ಕಾರಣಕ್ಕೆ ಬಾಯಿಮಾತಿನ ತಕರಾರು ಆಗಿದ್ದು, ಉಭಯತರರಿಗೂ ಬುದ್ಧಿವಾದ ಹೇಳಿ ಕಳುಹಿಸಲಾಗಿದೆ. ಮುಂದಿನ ಕ್ರಮದ ಅವಶ್ಯಕತೆ ಇರುವುದಿಲ್ಲ.’

ನಾನು ಕನ್ನಡ ಕಲಿಸುವವಳು. ಮಕ್ಕಳ ವಾಕ್ಯ ತಿದ್ದುವುದೇ ನನ್ನ ಕೆಲಸ. ಈ ವಾಕ್ಯವನ್ನೂ ತಿದ್ದಲು ಕುಳಿತೆ. ಕರ್ತೃ ಎಲ್ಲಿ? ಹೊಡೆದವರು ಯಾರು? ಕ್ರಿಯೆ ಎಲ್ಲಿ? ಮುರಿದ ಮೂಳೆ ‘ಬಾಯಿಮಾತಿನ ತಕರಾರು’ ಆದದ್ದು ಯಾವ ವ್ಯಾಕರಣದಿಂದ? ಹಾಲಿನ ದುಡ್ಡು ಕ್ಷುಲ್ಲಕ ಕಾರಣ ಎನ್ನುವುದನ್ನು ಒಪ್ಪೋಣ. ಕಾರಣ ಕ್ಷುಲ್ಲಕವಾದರೆ ಹೊಡೆತದ ಅಪರಾಧ ಹೆಚ್ಚಬೇಕೋ, ಕಡಿಮೆಯಾಗಬೇಕೋ? ಇನ್ನು ‘ಉಭಯತರರಿಗೂ ಬುದ್ಧಿವಾದ’. ಅಪ್ಪನಿಗೆ ಹೊಡೆಯಬೇಡಿ ಎಂದು ಹೇಳಿದರೆನ್ನೋಣ. ಅವ್ವನಿಗೆ ಹೇಳಿದ ಬುದ್ಧಿ ಯಾವುದು? ಹಾಲಿನ ದುಡ್ಡು ಕೇಳಬೇಡ ಎಂದೇ? ಕೈ ಅಡ್ಡ ಹಿಡಿಯಬೇಡ ಎಂದೇ?

ನಮ್ಮ ಠಾಣೆಗಳಲ್ಲಿ ‘ರಾಜಿ’ ಎಂಬ ಶಬ್ದಕ್ಕೆ ಬಹಳ ಮರ್ಯಾದೆ. ರಾಜಿ ಸಮಾನರ ನಡುವೆ ಆಗುವಂಥದು. ಒಬ್ಬರ ಕೈಯಲ್ಲಿ ಕೋಲು, ಮನೆಯ ಕೀಲಿ, ಬ್ಯಾಂಕಿನ ಪಾಸ್‌ಬುಕ್ಕು. ಇನ್ನೊಬ್ಬರ ಕೈಯಲ್ಲಿ ಪ್ಲಾಸ್ಟರು. ಇವರಿಬ್ಬರ ನಡುವೆ ಆಗುವುದಕ್ಕೆ ರಾಜಿ ಎಂದು ಹೆಸರಿಟ್ಟು ಆಕೆಯನ್ನು ಅದೇ ಮನೆಗೆ ಕಳಿಸಿದರೆ, ಕೋಲಿಗೆ ಠಾಣೆಯ ಮೊಹರು ಒತ್ತಿ ಕಳಿಸಿದಂತೆ. ‘ಠಾಣೇಕ್ಕ ಹೋಗಿ ಏನ್ ಮಾಡ್ದಿ?’ ಎಂದು ಆ ರಾತ್ರಿಯೇ ಅಪ್ಪ ಅವ್ವನನ್ನು ಕೇಳಿದರು.

ಕಾನೂನೇ ಇಲ್ಲದ ನಾಡಿನಲ್ಲಿ ಹೀಗಾಗಿದ್ದರೆ ನಾನು ಹಣೆಬರಹ ಎನ್ನುತ್ತಿದ್ದೆ. ಆದರೆ ಕಾನೂನು ಇದೆ. ಹೆಂಡತಿಯ ಮೇಲಿನ ಕ್ರೌರ್ಯವನ್ನು ಅಪರಾಧವೆಂದು ಸಾರುವ 498ಎ ಕಲಮು ದಂಡಸಂಹಿತೆಗೆ ಸೇರಿದ್ದು 1983ರಲ್ಲಿ. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಿವೆ. ‘ಮಗಳು ದೂರು ಕೊಟ್ಟರೆ ನಡೆಯುವುದಿಲ್ಲ’ ಎಂದು ನನಗೆ ಹೇಳಿದರಲ್ಲ, ಅದು ಸುಳ್ಳು. ನೊಂದವಳ ರಕ್ತಸಂಬಂಧಿ ಕೊಟ್ಟ ಮಾಹಿತಿಯ ಮೇಲೂ ಪೊಲೀಸರು ಈ ಅಪರಾಧವನ್ನು ದಾಖಲಿಸಿಕೊಳ್ಳಬೇಕೆಂದು ಆಗಲೂ ಇತ್ತು, ಈಗಲೂ ಇದೆ. ಮೂಳೆ ಮುರಿದರೆ ಅದು ಕಾನೂನಿನ ಕಣ್ಣಿಗೆ ತೀವ್ರ ಸ್ವರೂಪದ ಗಾಯ. ಅದಕ್ಕೂ ಪೊಲೀಸರು ನೇರವಾಗಿ ಮೊಕದ್ದಮೆ ಹೂಡಬಹುದು. ಲಲಿತಾ ಕುಮಾರಿ ಪ್ರಕರಣದಲ್ಲಿ 2013ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದೂ ಇದನ್ನೇ: ಇಂಥ ಅಪರಾಧದ ಮಾಹಿತಿ ಬಂದರೆ ಎಫ್.ಐ.ಆರ್. ದಾಖಲಿಸುವುದು ಕಡ್ಡಾಯ. ಸಂಸಾರದ ವಿಷಯಗಳಲ್ಲಿ ಪ್ರಾಥಮಿಕ ವಿಚಾರಣೆಗೆ ಅವಕಾಶವಿದೆ ನಿಜ. ಅದು ಅಪರಾಧ ಕಾಣುತ್ತದೆಯೋ ಇಲ್ಲವೋ ನೋಡುವುದಕ್ಕೆ, ರಾಜಿ ಮಾಡಿಸುವುದಕ್ಕಲ್ಲ. ಈಗಿನ ಹೊಸ ಸಂಹಿತೆಯಲ್ಲಿ ಅಂಥ ವಿಚಾರಣೆಗೆ ಡಿವೈಎಸ್ಪಿಯವರ ಅನುಮತಿ ಬೇಕು, ಅದನ್ನು 14 ದಿನಗಳೊಳಗೆ ಮುಗಿಸಬೇಕು. ಹೇಳಿಕೆ ಪಡೆಯಲು ಹೆಂಗಸರನ್ನು ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ. ಅವರಿರುವಲ್ಲಿಗೆ ಪೊಲೀಸರೇ ಹೋಗಬೇಕು. ನಾಲ್ಕು ಸಲ ಅವ್ವನನ್ನು ಬೆಂಚಿನ ಮೇಲೆ ಕೂಡಿಸಿದ್ದು ಯಾವ ಕಾನೂನಿನಲ್ಲಿ?

ಎಲ್ಲಕ್ಕಿಂತ ದೊಡ್ಡ ದ್ರೋಹ ಬೇರೆ ಇದೆ. ಅವ್ವನಿಗೆ ಅಪ್ಪ ಜೈಲಿಗೆ ಹೋಗುವುದು ಬೇಕಾಗಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ, ತಿಂಗಳ ಖರ್ಚಿಗೆ ಯಾರನ್ನೂ ಬೇಡದೆ ಕೈಗೆ ಬರುವ ದುಡ್ಡು, ಕೋಲು ಮತ್ತೆ ಎತ್ತುವುದಿಲ್ಲ ಎಂಬ ಭರವಸೆ. ಈ ಮೂರನ್ನೂ ಕೊಡಿಸುವ ಕಾನೂನು, ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ ಕಾಯಿದೆ, 2005ರಲ್ಲಿ ಬಂದು 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹಿಂಸೆಯ ದೂರು ಬಂದ ಕೂಡಲೆ ರಕ್ಷಣಾ ಆದೇಶ ಕೇಳುವ ಹಕ್ಕು, ರಕ್ಷಣಾಧಿಕಾರಿಯ ನೆರವು, ಉಚಿತ ಕಾನೂನು ಸೇವೆ ಇವೆಲ್ಲ ಇವೆಯೆಂದು ಆ ಹೆಂಗಸಿಗೆ ತಿಳಿಸುವುದು ಪೊಲೀಸರ ಕರ್ತವ್ಯ ಎಂದು ಅದರ ಐದನೆಯ ಕಲಮಿನಲ್ಲಿ ಬರೆದಿದೆ. ಬುದ್ಧಿವಾದ ಹೇಳಲು ಅವರ ಬಳಿ ನಾಲ್ಕು ದಿನ ಇದ್ದವು. ಈ ಒಂದು ಮಾತು ಹೇಳಲು ಐದು ನಿಮಿಷ ಇರಲಿಲ್ಲ.

ಸುಳ್ಳು ಕೇಸುಗಳು ಹೆಚ್ಚಿವೆ, ಅದಕ್ಕೇ ಪೊಲೀಸರು ಹಿಂಜರಿಯುತ್ತಾರೆ ಎನ್ನುವವರಿದ್ದಾರೆ. ಸುಳ್ಳು ದೂರು ಇರಬಹುದು. ಕಳ್ಳತನದ ದೂರಿನಲ್ಲಿ ಸುಳ್ಳು ಇರುವುದಿಲ್ಲವೆ? ಹಾಗೆಂದು ಬಂಗಾರ ಕಳೆದವನಿಗೆ ಕಳ್ಳನ ಜೊತೆ ಹೊಂದಿಕೊಂಡು ಹೋಗು ಎನ್ನುತ್ತಾರೆಯೆ? ಅರ್ನೇಶ್ ಕುಮಾರ್ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ಇಂಥ ಪ್ರಕರಣಗಳಲ್ಲಿ ಯಾಂತ್ರಿಕವಾಗಿ ಬಂಧಿಸಬೇಡಿ ಎಂದು. ದೂರನ್ನೇ ದಾಖಲಿಸಬೇಡಿ ಎಂದಲ್ಲ. ಸತ್ಯವೋ ಸುಳ್ಳೋ ಎಂಬುದು ತನಿಖೆಯಿಂದ ತಿಳಿಯಬೇಕು, ದೂರುದಾರಳ ಮುಖ ನೋಡಿ ಅಲ್ಲ.

‘ಈ ವಯಸ್ಸಿನಲ್ಲಿ’ ಎಂಬ ಮಾತಿಗೂ ಉತ್ತರ ಹೇಳಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ಈ ಲೆಕ್ಕ 18ರಿಂದ 49 ವರ್ಷದವರದ್ದು. ಐವತ್ತು ದಾಟಿದವಳನ್ನು ಅಲ್ಲಿ ಯಾರೂ ಕೇಳಿಲ್ಲ. ಲೆಕ್ಕಕ್ಕೂ ಸಿಗದ, ಠಾಣೆಗೂ ಬೇಡವಾದ ನಮ್ಮ ಅವ್ವಂದಿರು ಎಷ್ಟು ಮನೆಗಳಲ್ಲಿ ‘ಬಚ್ಚಲದಾಗ ಜಾರಿ ಬಿದ್ನಿ’ ಎನ್ನುತ್ತ ಕುಳಿತಿದ್ದಾರೋ! ವಯಸ್ಸಾದರೆ ಗಂಡನ ಕೈ ಮೆತ್ತಗಾಗುವುದಿಲ್ಲ. ಹೆಂಡತಿಯ ಮೂಳೆ ಮೆತ್ತಗಾಗುತ್ತದೆ.

ಹಿಂಬರಹ ಸಿಕ್ಕ ಮರುದಿನವೇ ಅದರ ನಕಲು, ನನ್ನ ದೂರು, ಆಸ್ಪತ್ರೆಯ ಚೀಟಿ ಮೂರನ್ನೂ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಮಾಹಿತಿ ಹಕ್ಕಿನಲ್ಲಿ ಠಾಣೆಯ ಕಡತದ ನಕಲು ಕೇಳಿದೆ. ಮೂರನೆಯ ತಿಂಗಳಿಗೆ ಎಫ್.ಐ.ಆರ್. ಆಯಿತು. ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ರಕ್ಷಣಾಧಿಕಾರಿಗಳೆಂದು ತಿಳಿದು ಅವರ ಕಚೇರಿಗೆ ಹೋದೆವು. ಅವರು ಅವ್ವನ ಮಾತನ್ನು ಪೂರಾ ಕೇಳಿ ವರದಿ ಬರೆದು ಮ್ಯಾಜಿಸ್ಟ್ರೇಟರ ಮುಂದಿಟ್ಟರು. ಆದೇಶ ಬಂತು. ಒಳಕೋಣೆ ಅವ್ವನದು, ತಿಂಗಳಿಗಿಷ್ಟು ದುಡ್ಡು ಅವಳ ಖಾತೆಗೆ, ಕೈ ಎತ್ತಿದರೆ ಜೈಲು. ಅಂದಿನಿಂದ ಕೋಲು ನಡೆಯುವುದಕ್ಕೆ ಮಾತ್ರ ಬಳಕೆಯಾಗುತ್ತಿದೆ. ಆದೇಶದ ನಕಲನ್ನು ಅವ್ವ ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನ ಮಾಡಿದ್ದಾಳೆ. ಹಿಂಬರಹ ಕೊಟ್ಟವರನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ನನ್ನ ಜಗಳ ಇನ್ನೂ ಇರುವುದು ಅಲ್ಲಿಯೇ.

ಅಪ್ಪನನ್ನು ಕೋರ್ಟಿಗೆ ಎಳೆದ ಮಗಳು ಎಂದು ಊರು ನನ್ನನ್ನು ಆಡಿಕೊಂಡಿತು. ಆಡಿಕೊಳ್ಳಲಿ. ಅವರು ನನ್ನ ಅಪ್ಪನಾಗುವ ಮೊದಲೇ ಆಕೆಯ ಗಂಡನಾಗಿದ್ದರು. ಆ ಲೆಕ್ಕದಲ್ಲಿ ಬಾಕಿ ಇದ್ದದ್ದನ್ನು ಕೇಳುವ ಹಕ್ಕು ಅವಳಿಗಿದೆ. ಅವಳ ಕೈ ಪ್ಲಾಸ್ಟರಿನಲ್ಲಿದ್ದಾಗ ಅವಳ ಪರವಾಗಿ ಬರೆಯುವ ಕೈ ನನ್ನದಾಯಿತು, ಅಷ್ಟೆ.

ಸೋದರಿಯರೇ, ನಿಮ್ಮ ಮನೆಯಲ್ಲಿ, ನೆರೆಮನೆಯಲ್ಲಿ ಇಂಥ ಅವ್ವ ಇದ್ದರೆ ಇಷ್ಟು ಮಾಡಿ. ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ. ಬಿದ್ದದ್ದಲ್ಲ, ಹೊಡೆದದ್ದು ಎಂದೇ ಬರೆಸಿ. ದೂರನ್ನು ನೀವೇ ಬರೆದು ಒಂದು ಪ್ರತಿಯ ಮೇಲೆ ಠಾಣೆಯ ಮೊಹರು, ತಾರೀಖು ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಜಿಲ್ಲಾ ವರಿಷ್ಠಾಧಿಕಾರಿಗಳಿಗೆ ಅಂಚೆಯಲ್ಲಿ ಕಳಿಸಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಾಗಿಲು ಇದೆ. ವಕೀಲರ ಫೀಗೆ ಅಂಜಬೇಡಿ. ಹೆಂಗಸರಿಗೆ, ಅವರ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಓದದೆ ಯಾವ ಮುಚ್ಚಳಿಕೆಗೂ ಸಹಿ, ಹೆಬ್ಬೆಟ್ಟು ಹಾಕಬೇಡಿ. ಠಾಣೆಯಲ್ಲಿ ಯಾರಾದರೂ ಬುದ್ಧಿವಾದ ಹೇಳಲು ಬಂದರೆ, ಅದನ್ನು ಕಾಗದದ ಮೇಲೆ ಬರೆದು ಸಹಿ ಮಾಡಿ ಕೊಡಿರೆಂದು ಕೇಳಿ.