ಟಿಕೆಟ್ ಹಂಚಿದ ಮೇಲೆ ಕೇಳುವ ಪ್ರಶ್ನೆ

ಚುನಾವಣೆ ಹತ್ತಿರವಾದೊಡನೆ ಜುಮುಅಃ ನಮಾಝ್ ಮುಗಿಸಿ ಹೊರಬರುವವರ ನಡುವೆ ಒಂದು ಪ್ರಶ್ನೆ ಸುಳಿದಾಡತೊಡಗುತ್ತದೆ: ‘ಈ ಬಾರಿ ಯಾರಿಗೆ?’ ಶಿವಾಜಿನಗರದಲ್ಲೂ ಇದೇ ಪ್ರಶ್ನೆ, ಕೃಷ್ಣರಾಜಪುರದಲ್ಲೂ ಇದೇ ಪ್ರಶ್ನೆ. ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಆದರೆ ಅದನ್ನು ಕೇಳುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಕಣದಲ್ಲಿ ಯಾರಿರಬೇಕೆಂಬುದನ್ನು ಬೇರೆಯವರು ಎಂದೋ ತೀರ್ಮಾನಿಸಿರುತ್ತಾರೆ. ಅವರು ಬರೆದಿಟ್ಟ ಪಟ್ಟಿಯಲ್ಲಿ ಒಂದು ಗುಂಡಿ ಒತ್ತುವ ಸ್ವಾತಂತ್ರ್ಯವಷ್ಟೇ ನಮಗೆ ಉಳಿದಿರುತ್ತದೆ.

ಅಭ್ಯರ್ಥಿಯನ್ನು ಆರಿಸುವ ಅಧಿಕಾರವನ್ನು ಕೆಳಗಿನವರಿಗೆ ಕೊಡುವ ಪ್ರಯೋಗವೊಂದು ನಮ್ಮ ಕ್ಷೇತ್ರದಲ್ಲೇ ನಡೆದಿತ್ತೆಂಬುದನ್ನು ಇಂದು ಎಷ್ಟು ಮಂದಿ ನೆನಪಿಟ್ಟಿದ್ದಾರೆ? 2014ರ ಲೋಕಸಭಾ ಚುನಾವಣೆಯ ಮುನ್ನ ಕಾಂಗ್ರೆಸ್ ಪಕ್ಷವು ರಾಹುಲ್ ಗಾಂಧಿಯವರ ಒತ್ತಾಸೆಯಿಂದ ದೇಶದ ಬೆರಳೆಣಿಕೆಯ ಕ್ಷೇತ್ರಗಳಲ್ಲಿ ಆಂತರಿಕ ಚುನಾವಣೆ ನಡೆಸಿತು. ಕರ್ನಾಟಕದಲ್ಲಿ ಆಯ್ಕೆಯಾದವು ಎರಡು: ದಕ್ಷಿಣ ಕನ್ನಡ ಮತ್ತು ಕೆ.ಆರ್. ಪುರವನ್ನು ಒಳಗೊಂಡ ಬೆಂಗಳೂರು ಉತ್ತರ. ಅಲ್ಲಿ ಬಿ. ಜನಾರ್ದನ ಪೂಜಾರಿಯವರೂ ಇಲ್ಲಿ ಸಿ. ನಾರಾಯಣಸ್ವಾಮಿಯವರೂ ಗೆದ್ದು ಅಭ್ಯರ್ಥಿಗಳಾದರು. ಮತ ಹಾಕಿದವರು ಪಕ್ಷದ ಪದಾಧಿಕಾರಿಗಳೇ ಹೊರತು ಜನಸಾಮಾನ್ಯರಲ್ಲ. ಆದರೂ ಮುಚ್ಚಿದ ಬಾಗಿಲು ಒಂದು ಬೆರಳಿನಷ್ಟು ತೆರೆದಿತ್ತು. ಇಬ್ಬರೂ ಸೋತರು, ನಾರಾಯಣಸ್ವಾಮಿಯವರು ಡಿ.ವಿ. ಸದಾನಂದ ಗೌಡರೆದುರು, ಪೂಜಾರಿಯವರು ನಳಿನ್ ಕುಮಾರ್ ಕಟೀಲರೆದುರು. ಬಾಗಿಲು ಮತ್ತೆ ಮುಚ್ಚಿತು. 2019ರಲ್ಲಿ ಇದೇ ಕ್ಷೇತ್ರವನ್ನು ಮೈತ್ರಿಯ ಲೆಕ್ಕಾಚಾರದಲ್ಲಿ ಜೆಡಿಎಸ್‌ಗೆ ಬಿಟ್ಟು, ಅದು ಮರಳಿಸಿದ ಮೇಲೆ ಕೃಷ್ಣ ಬೈರೇಗೌಡರನ್ನು ನಿಲ್ಲಿಸಲಾಯಿತು. 2024ರಲ್ಲಿ ಬಿಜೆಪಿಯು ಹಾಲಿ ಸಂಸದರನ್ನು ಬದಿಗಿರಿಸಿ, ಉಡುಪಿ-ಚಿಕ್ಕಮಗಳೂರಿನ ಸಂಸದೆಯಾಗಿದ್ದ ಶೋಭಾ ಕರಂದ್ಲಾಜೆಯವರನ್ನು ಇಲ್ಲಿಗೆ ಕರೆತಂದಿತು. ಈ ವ್ಯಕ್ತಿಗಳ ಯೋಗ್ಯತೆ ಇಲ್ಲಿ ಚರ್ಚೆಯ ವಿಷಯವಲ್ಲ. ನಮ್ಮನ್ನು ಯಾರಾದರೂ ಕೇಳಿದರೇ ಎಂಬುದಷ್ಟೇ ಪ್ರಶ್ನೆ. ಎರಡು ಸೋಲುಗಳಿಂದ ಒಂದು ಪದ್ಧತಿ ನಿರರ್ಥಕವೆಂದು ಸಾಬೀತಾಗುವುದಾದರೆ, ವರಿಷ್ಠರು ಆರಿಸಿ ಸೋತ ನೂರಾರು ಅಭ್ಯರ್ಥಿಗಳಿಂದ ಏನು ಸಾಬೀತಾಯಿತು?

ಅಭ್ಯರ್ಥಿಯು ಜನರಿಂದ ಬಾರದೆ ವರಿಷ್ಠರಿಂದ ಬಂದಾಗ ಅವನ ನಿಷ್ಠೆಯೂ ಮೇಲ್ಮುಖವಾಗಿಯೇ ಇರುತ್ತದೆ. ಕೆ.ಆರ್. ಪುರ ವಿಧಾನಸಭಾ ಕ್ಷೇತ್ರವನ್ನೇ ನೋಡಿ. 2013ರಲ್ಲಿ ಮತ್ತು 2018ರಲ್ಲಿ ಇಲ್ಲಿ ಕಾಂಗ್ರೆಸ್‌ನಿಂದ ಗೆದ್ದ ಬೈರತಿ ಬಸವರಾಜ ಅವರು 2019ರಲ್ಲಿ ರಾಜೀನಾಮೆ ನೀಡಿ ಅನರ್ಹಗೊಂಡ ಹದಿನೇಳು ಶಾಸಕರಲ್ಲಿ ಒಬ್ಬರು. ಸುಪ್ರೀಮ್ ಕೋರ್ಟು ಆ ವರ್ಷದ ನವೆಂಬರ್‌ನಲ್ಲಿ ಅನರ್ಹತೆಯನ್ನು ಎತ್ತಿಹಿಡಿದರೂ ಮರುಸ್ಪರ್ಧೆಗೆ ಅವಕಾಶ ನೀಡಿತು. ಡಿಸೆಂಬರ್‌ನ ಉಪಚುನಾವಣೆಯಲ್ಲಿ ಅದೇ ವ್ಯಕ್ತಿ ಬಿಜೆಪಿಯ ಅಭ್ಯರ್ಥಿಯಾಗಿ ಗೆದ್ದರು, 2023ರಲ್ಲೂ ಗೆದ್ದರು. ‘ಗೆಲ್ಲಿಸಿದವರು ಮತದಾರರೇ ಅಲ್ಲವೇ?’ ಎಂದು ಕೇಳುವವರಿದ್ದಾರೆ. ನಿಜ, ಮತದಾರನೂ ಉತ್ತರದಾಯಿ. ಆದರೆ 2018ರಲ್ಲಿ ಒಂದು ಚಿಹ್ನೆಯನ್ನು ನಂಬಿ ಮತ ನೀಡಿದವನ ನಂಬಿಕೆಗೆ ಬೆಲೆ ಎಲ್ಲಿ? ಪಕ್ಷಾಂತರವನ್ನು ತಡೆಯಲೆಂದು 1985ರಲ್ಲಿ ಸಂವಿಧಾನಕ್ಕೆ ಸೇರಿಸಿದ ಹತ್ತನೇ ಅನುಸೂಚಿಯು ರಾಜೀನಾಮೆ ಮತ್ತು ಉಪಚುನಾವಣೆಯೆಂಬ ಹಿಂಬಾಗಿಲನ್ನು ಮುಚ್ಚಲಾರದೆ ಹೋಗಿದೆ.

ಇನ್ನು ನಗರಾಡಳಿತದ ಕಥೆ ಇದಕ್ಕಿಂತಲೂ ಶೋಚನೀಯ. ಹಿಂದೆ ಸ್ವಂತ ನಗರಸಭೆಯಿದ್ದ ಕೃಷ್ಣರಾಜಪುರವು 2007ರಲ್ಲಿ ಬೃಹತ್ ಬೆಂಗಳೂರಿನಲ್ಲಿ ಲೀನವಾಯಿತು. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. 2020ರ ಸೆಪ್ಟೆಂಬರ್ 10ರಂದು ಆ ಸಭೆಯ ಅವಧಿ ಮುಗಿಯಿತು. ಅವಧಿ ಮುಗಿಯುವ ಮುನ್ನವೇ ಚುನಾವಣೆ ನಡೆಯಬೇಕೆಂದು ಸಂವಿಧಾನದ 243-ಯು ವಿಧಿ ಹೇಳುತ್ತದೆ. ವಾರ್ಡುಗಳ ಸಂಖ್ಯೆ 198ರಿಂದ 243ಕ್ಕೆ ಏರಿತು, 225ಕ್ಕೆ ಇಳಿಯಿತು. ಚುನಾವಣೆ ಮಾತ್ರ ಬರಲಿಲ್ಲ. ಬಿಜೆಪಿ ಆಳಿದಾಗಲೂ ಬರಲಿಲ್ಲ, ಕಾಂಗ್ರೆಸ್ ಬಂದ ಮೇಲೂ ಬರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಐದಾಗಿ ಒಡೆದು ನಾವು ಬೆಂಗಳೂರು ಪೂರ್ವ ನಗರಪಾಲಿಕೆಯವರಾದೆವು. ಐದೂ ಪಾಲಿಕೆಗಳ 369 ವಾರ್ಡುಗಳಲ್ಲಿ ಪೂರ್ವದ ಪಾಲು 50.

ಕಾರ್ಪೊರೇಟರ್ ಇಲ್ಲದ ಈ ವರ್ಷಗಳಲ್ಲೇ ಹೊರಮಾವಿನ ಸಾಯಿ ಬಡಾವಣೆ ಮತ್ತೆ ಮತ್ತೆ ಮುಳುಗಿತು. 2024ರ ಅಕ್ಟೋಬರ್‌ನಲ್ಲಿ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು, ಹೊಟ್ಟೆಪಾಡಿಗೆ ಬಂದ ಕೂಲಿಕಾರ್ಮಿಕರು ಅದರಡಿ ಸತ್ತರು. ರಾಜಕಾಲುವೆಯ ನೀರು ಹಿಂದೂವಿನ ಮನೆ, ಮುಸ್ಲಿಮನ ಮನೆ ಎಂದು ನೋಡಿ ನುಗ್ಗುವುದಿಲ್ಲ. ಕಾರ್ಪೊರೇಟರ್ ಇದ್ದಿದ್ದರೆ ಇವೆಲ್ಲ ತಪ್ಪುತ್ತಿದ್ದವೆಂದು ನಾನು ಹೇಳುತ್ತಿಲ್ಲ. ಬಾಗಿಲು ತಟ್ಟಿ ಲೆಕ್ಕ ಕೇಳಲು ನಮಗೆ ಒಂದು ವಿಳಾಸವಾದರೂ ಇರುತ್ತಿತ್ತು.

ಇಷ್ಟು ಹೇಳಿದ ಮೇಲೆ ಬೆರಳನ್ನು ನಮ್ಮತ್ತಲೂ ತಿರುಗಿಸಿಕೊಳ್ಳಬೇಕು. ಟಿಕೆಟ್ ಆಕಾಂಕ್ಷಿಯೊಬ್ಬ ಮೊಹಲ್ಲಾಕ್ಕೆ ಬಂದಾಗ ನಾವು ಏನು ಕೇಳುತ್ತೇವೆ? ಮಸೀದಿಗೆ ಜಮಖಾನೆ, ಕಬ್ರಸ್ತಾನಕ್ಕೆ ಗೋಡೆ, ರಮಝಾನ್‌ನಲ್ಲಿ ಇಫ್ತಾರ್. ನಾಲ್ಕು ಮಂದಿ ಮುಖಂಡರು ಅವನೊಡನೆ ಚಹಾ ಕುಡಿದು ‘ಇಷ್ಟು ಸಾವಿರ ಮತ ನಮ್ಮ ಕೈಯಲ್ಲಿದೆ’ ಎನ್ನುತ್ತಾರೆ. ಆ ಮತಗಳನ್ನು ಅವರ ಕೈಗೆ ಇಟ್ಟವರು ಯಾರು? ಮತವು ಅಮಾನತ್ತು. ಅಮಾನತ್ತನ್ನು ಹಕ್ಕುದಾರರಿಗೆ ತಲುಪಿಸುವ ಆಜ್ಞೆಯನ್ನೂ ನ್ಯಾಯವಾಗಿ ತೀರ್ಪು ನೀಡುವ ಆಜ್ಞೆಯನ್ನೂ ಪವಿತ್ರ ಕುರ್‌ಆನ್ ಸೂರಃ ಅನ್ನಿಸಾದ ಒಂದೇ ವಚನದಲ್ಲಿ ಜೋಡಿಸಿರುವುದು ನಮಗೆ ತಿಳಿಯದ ವಿಷಯವೇ? ಲಂಚ ಕೊಡುವವನನ್ನೂ ಪಡೆಯುವವನನ್ನೂ ಪ್ರವಾದಿ(ಸ)ರು ಸಮಾನವಾಗಿ ಶಪಿಸಿದ್ದನ್ನು ಖುತ್ಬಾಗಳಲ್ಲಿ ಕೇಳಿದವರೇ ಮತದಾನದ ಹಿಂದಿನ ರಾತ್ರಿ ಲಕೋಟೆ ಪಡೆದರೆ ಏನೆನ್ನಬೇಕು?

‘ನಮ್ಮವನೇ’ ಎಂಬ ಮಾತಂತೂ ಎಲ್ಲ ಪ್ರಶ್ನೆಗಳನ್ನೂ ಮುಚ್ಚಿಹಾಕುತ್ತದೆ. ಮೂಸಾ(ಅ)ರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತೆ ಮದ್‌ಯನ್‌ನ ಹೆಣ್ಣುಮಗಳು ತಂದೆಗೆ ಶಿಫಾರಸು ಮಾಡಿದಾಗ ಎತ್ತಿಹೇಳಿದ್ದು ಎರಡು ಗುಣಗಳನ್ನು: ಸಾಮರ್ಥ್ಯ ಮತ್ತು ಪ್ರಾಮಾಣಿಕತೆ. ಯೂಸುಫ್(ಅ)ರು ಈಜಿಪ್ಟಿನ ಭಂಡಾರದ ಹೊಣೆಯನ್ನು ವಹಿಸಿಕೊಳ್ಳಲು ಮುಂದಾದಾಗ ಮುಂದಿಟ್ಟದ್ದು ಕಾಪಾಡುವ ಶಕ್ತಿಯನ್ನು ಮತ್ತು ಆ ಕೆಲಸದ ಅರಿವನ್ನು. ವಂಶದ ಹೆಸರಾಗಲಿ ಗುಂಪಿನ ಬಲವಾಗಲಿ ಅಲ್ಲಿ ಬರುವುದಿಲ್ಲ. ಅಸಮರ್ಥನಾದ ನಮ್ಮವನಿಗಿಂತ ನ್ಯಾಯವಂತನಾದ ನೆರೆಮನೆಯ ಸೋದರ ನಮಗೆ ಹೆಚ್ಚು ಹತ್ತಿರದವನಾಗಬೇಕು.

ಇಲ್ಲೊಂದು ಗಂಭೀರ ಆಕ್ಷೇಪವಿದೆ: ‘ಇಷ್ಟೆಲ್ಲ ಸೋಸುತ್ತಾ ಕುಳಿತರೆ ಮತ ಒಡೆದು ದ್ವೇಷ ರಾಜಕಾರಣ ಗೆಲ್ಲುವುದಿಲ್ಲವೇ?’ ಈ ಭಯ ಕಾಲ್ಪನಿಕವಲ್ಲ. 2023ರ ಮಾರ್ಚ್‌ನಲ್ಲಿ, ಚುನಾವಣೆಯ ಹೊಸ್ತಿಲಲ್ಲಿ, ಅಂದಿನ ಬಿಜೆಪಿ ಸರ್ಕಾರವು ಪ್ರವರ್ಗ 2ಬಿ ಅಡಿಯಲ್ಲಿ ಮುಸ್ಲಿಮರಿಗಿದ್ದ ಶೇ. 4 ಮೀಸಲಾತಿಯನ್ನು ಕಿತ್ತು ಇತರ ಎರಡು ಸಮುದಾಯಗಳಿಗೆ ಹಂಚಿದ್ದನ್ನು ಕಂಡವರು ನಾವು. ಸುಪ್ರೀಮ್ ಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲಷ್ಟೇ ಅದರ ಜಾರಿ ನಿಂತಿತು. ಆದರೆ ಭಯದಿಂದಲೇ ಬರುವ ಮತಕ್ಕೆ ಯಾವ ಪಕ್ಷವೂ ಲೆಕ್ಕ ಒಪ್ಪಿಸುವುದಿಲ್ಲ. ಈ ಮತ ಎಲ್ಲಿಗೂ ಹೋಗದೆಂದು ಖಾತ್ರಿಯಾದವನು ಅದಕ್ಕಾಗಿ ಬೆವರು ಏಕೆ ಸುರಿಸಬೇಕು? ಆದ್ದರಿಂದಲೇ ಸೋಸುವ ಕೆಲಸ ಮತದಾನದ ದಿನಕ್ಕಿಂತ ಬಹಳ ಮುಂಚೆ, ಟಿಕೆಟ್ ಹಂಚಿಕೆಯ ಮೊದಲೇ ನಡೆಯಬೇಕು. ಆಗ ಪ್ರಶ್ನಿಸಿದರೆ ಮತ ಒಡೆಯುವುದಿಲ್ಲ, ಅಭ್ಯರ್ಥಿ ಬದಲಾಗುತ್ತಾನೆ.

ಐವತ್ತು ವಾರ್ಡುಗಳಿಗೆ ಐವತ್ತು ಟಿಕೆಟ್‌ಗಳು ಪ್ರತಿ ಪಕ್ಷದಲ್ಲೂ ಹಂಚಿಕೆಯಾಗಲಿವೆ. ವಾರ್ಡಿನ ಎಲ್ಲ ಧರ್ಮದ ನೆರೆಹೊರೆಯವರನ್ನು ಸೇರಿಸಿ, ಬಯಲಿನಲ್ಲಿ ಸಭೆ ಕರೆದು, ಆಕಾಂಕ್ಷಿಗಳನ್ನು ಎದುರಿಗೆ ಕೂರಿಸಿ ಕೇಳೋಣ: ರಾಜಕಾಲುವೆಯ ಒತ್ತುವರಿ ಬಗ್ಗೆ ನಿಮ್ಮ ನಿಲುವೇನು? ಪೌರಕಾರ್ಮಿಕರ ವೇತನ ಸಮಯಕ್ಕೆ ಸಿಗುವಂತೆ ಏನು ಮಾಡುವಿರಿ? ವಾರ್ಡ್ ಸಮಿತಿಯ ಸಭೆ ಪ್ರತಿ ತಿಂಗಳು ನಡೆಸುವಿರಾ? ನಿಮ್ಮ ಮೇಲಿನ ಮೊಕದ್ದಮೆಗಳೆಷ್ಟು? ಗೆದ್ದ ಮೇಲೆ ಪಕ್ಷ ಬಿಡುವುದಾದರೆ ಮೊದಲು ನಮ್ಮ ಮುಂದೆ ಬರುವಿರಾ? ಉತ್ತರಗಳನ್ನು ಬರೆಸಿ ಸಹಿ ಪಡೆಯೋಣ. ಅದರ ಪ್ರತಿಯನ್ನು ಪಕ್ಷಗಳ ಕಚೇರಿಗೆ ಕಳುಹಿಸೋಣ. ಮಸೀದಿಯ ಮಿಂಬರ್ ಮಾತ್ರ ಯಾವ ಅಭ್ಯರ್ಥಿಯ ವೇದಿಕೆಯೂ ಆಗದಿರಲಿ. ಧರ್ಮದ ಹೆಸರಿನಲ್ಲಿ ಮತ ಕೇಳುವುದನ್ನು ಇತರರಲ್ಲಿ ಖಂಡಿಸುವ ನಮಗೆ ಅದೇ ನಿಯಮ ಅನ್ವಯಿಸುತ್ತದೆ.

ಆಳುವವರನ್ನು ಅವರ ಹೊಣೆಯ ಬಗ್ಗೆ ಅಲ್ಲಾಹನು ಖಂಡಿತ ಪ್ರಶ್ನಿಸುವನು. ಜೊತೆಗೆ, ಅವರನ್ನು ಆರಿಸುವಾಗ ನೀನೇಕೆ ಬಾಯಿ ತೆರೆಯಲಿಲ್ಲವೆಂದು ನಮ್ಮನ್ನೂ ಕೇಳಿದರೆ, ನಾವು ಯಾವ ಜಮಖಾನೆಯನ್ನು ತೋರಿಸುವೆವು?