ಕಡಲು ಬಿಸಿಯಾದರೆ ಅಕ್ಕಿಗೂ ಬರ, ವಿಮಾನಕ್ಕೂ ತಡೆ

2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಸುದ್ದಿ ತಿಳಿಯುತ್ತಲೇ ಅಮೆರಿಕದ ಭಾರತೀಯ ದಿನಸಿ ಅಂಗಡಿಗಳಲ್ಲಿ ಸೋನಾ ಮಸೂರಿ ಚೀಲಗಳಿಗೆ ಜನ ಮುಗಿಬಿದ್ದರು. ಕೆಲವು ಅಂಗಡಿಗಳು ಒಂದು ಕುಟುಂಬಕ್ಕೆ ಒಂದೇ ಚೀಲ ಎಂದು ಮಿತಿ ಹಾಕಿದವು. ಯುಎಇ ಸರ್ಕಾರ ಅಕ್ಕಿಯ ಮರುರಫ್ತನ್ನು ನಾಲ್ಕು ತಿಂಗಳು ನಿಲ್ಲಿಸಿತು. ದೇಶದೊಳಗೆ ಅಕ್ಕಿ ಬೆಲೆ ಏರಿದ್ದೇ ನಿಷೇಧಕ್ಕೆ ಮುಖ್ಯ ಕಾರಣವಾದರೂ ಸರ್ಕಾರ ಕೊಟ್ಟ ಕಾರಣಗಳ ಪಟ್ಟಿಯಲ್ಲಿ ‘ಎಲ್‌ ನಿನೊ’ ಆತಂಕವೂ ಸೇರಿತ್ತು. ದೂರದ ಪೆಸಿಫಿಕ್‌ ಸಾಗರ ಬಿಸಿಯಾದ ಪರಿಣಾಮ ವಿದೇಶದಲ್ಲಿರುವ ಕನ್ನಡಿಗರ ಅಡುಗೆಮನೆಗೂ ತಟ್ಟಿದ್ದು ಹೀಗೆ.

ಏನಿದು ಎಲ್‌ ನಿನೊ?

ಸಾಮಾನ್ಯ ವರ್ಷಗಳಲ್ಲಿ ಪೆಸಿಫಿಕ್‌ ಸಾಗರದ ಸಮಭಾಜಕ ವೃತ್ತದ ಆಸುಪಾಸಿನಲ್ಲಿ ವಾಣಿಜ್ಯ ಮಾರುತಗಳು ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತವೆ. ಬೆಚ್ಚಗಿನ ಮೇಲ್ಮೈ ನೀರನ್ನು ಅವು ಇಂಡೊನೇಷ್ಯಾದ ಕಡೆಗೆ ತಳ್ಳುತ್ತವೆ. ಪೆರು ದೇಶದ ಕರಾವಳಿಯಲ್ಲಿ ಆಳದ ತಣ್ಣೀರು ಮೇಲೇಳುತ್ತದೆ. ನೀರು ಬೆಚ್ಚಗಿರುವ ಕಡೆ ಮೋಡ ಕಟ್ಟಿ ಮಳೆಯಾಗುತ್ತದೆ. ಕೆಲವು ವರ್ಷಗಳಿಗೊಮ್ಮೆ ಈ ಗಾಳಿಯ ಬಲ ಕುಗ್ಗುತ್ತದೆ. ಆಗ ಬಿಸಿ ನೀರು ಪೂರ್ವಕ್ಕೆ ಹಿಂದಿರುಗುತ್ತದೆ, ಅದರ ಜೊತೆಗೆ ಮಳೆಯೂ ಜಾಗ ಬದಲಿಸುತ್ತದೆ. ಇದೇ ಎಲ್‌ ನಿನೊ. ಗಾಳಿ ಎಂದಿಗಿಂತ ಬಲವಾಗಿ ಬೀಸಿದರೆ ಅದು ಲಾ ನಿನಾ. ಎಲ್‌ ನಿನೊ ವರ್ಷಗಳಲ್ಲಿ ಭಾರತದ ಮುಂಗಾರು ಸೊರಗುವ ಸಾಧ್ಯತೆ ಹೆಚ್ಚು.

2023ರಲ್ಲಿ ಆದದ್ದು ಅದೇ. ಆ ವರ್ಷದ ಆಗಸ್ಟ್‌ ತಿಂಗಳು 1901ರಿಂದೀಚೆಗೆ ಭಾರತ ಕಂಡ ಅತ್ಯಂತ ಒಣ ಆಗಸ್ಟ್‌. ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಅದರ ಬಿಸಿ 2024ರ ಬೇಸಿಗೆಯಲ್ಲಿ ಬೆಂಗಳೂರಿಗೂ ತಟ್ಟಿತು. ಕೊಳವೆಬಾವಿಗಳು ಬತ್ತಿ, ಟ್ಯಾಂಕರ್‌ ನೀರಿಗಾಗಿ ಜನ ಪರದಾಡಿದರು. ಅಪಾರ್ಟ್‌ಮೆಂಟ್‌ಗಳಲ್ಲಿ ವಯಸ್ಸಾದ ಅಪ್ಪ ಅಮ್ಮನನ್ನು ಬಿಟ್ಟು ವಿದೇಶಕ್ಕೆ ಹೋದವರಿಗೆ ಆ ದಿನಗಳ ಕಳವಳ ಗೊತ್ತು.

ನಮ್ಮದೇ ಸಾಗರದ ಏರುಪೇರು

ಪೆಸಿಫಿಕ್‌ ಒಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. 1997ರ ಎಲ್‌ ನಿನೊ ಕಳೆದ ಶತಮಾನದ ಅತಿ ಪ್ರಬಲವಾದವುಗಳಲ್ಲಿ ಒಂದು. ಆದರೂ ಆ ವರ್ಷ ಭಾರತದ ಮುಂಗಾರು ಕೈಕೊಡಲಿಲ್ಲ. ಇದರ ಹಿಂದಿನ ಒಂದು ಕಾರಣ ಹಿಂದೂ ಮಹಾಸಾಗರದಲ್ಲಿತ್ತು. ಈ ಸಾಗರದ ಪಶ್ಚಿಮ ಭಾಗ, ಅಂದರೆ ಆಫ್ರಿಕಾದ ಕಡೆ, ಬೆಚ್ಚಗಾಗಿ ಸುಮಾತ್ರಾ ಕಡೆ ತಣ್ಣಗಾದರೆ ಅದನ್ನು ಧನಾತ್ಮಕ ‘ದ್ವಿಧ್ರುವ’ ಎನ್ನುತ್ತಾರೆ. ಅದು ಸಾಮಾನ್ಯವಾಗಿ ನಮ್ಮ ಮುಂಗಾರಿಗೆ ನೆರವಾಗುತ್ತದೆ. 1999ರಲ್ಲಿ ಇದನ್ನು ವಿವರಿಸಿದ ವಿಜ್ಞಾನಿಗಳ ತಂಡದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ಎನ್‌. ಗೋಸ್ವಾಮಿ ಅವರೂ ಇದ್ದರು.

ಈ ದ್ವಿಧ್ರುವ ಅತಿಯಾದರೆ ಏನಾಗುತ್ತದೆ ಎಂಬುದಕ್ಕೆ 2019 ಸಾಕ್ಷಿ. ದೇಶದಲ್ಲಿ ವಾಡಿಕೆಯ ಶೇ 110ರಷ್ಟು ಮಳೆ ಸುರಿಯಿತು. ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳು ಪ್ರವಾಹದಲ್ಲಿ ಮುಳುಗಿದವು. ವರ್ಷಾಂತ್ಯದಲ್ಲಿ ಪೂರ್ವ ಆಫ್ರಿಕಾದಲ್ಲೂ ನೆರೆ ಬಂತು. ಅದೇ ಸಾಗರದ ಇನ್ನೊಂದು ತುದಿಯಲ್ಲಿ ಆಸ್ಟ್ರೇಲಿಯಾ ತನ್ನ ದಾಖಲೆಯ ಅತಿ ಒಣ ವರ್ಷ ಕಂಡಿತು, ಕಾಳ್ಗಿಚ್ಚಿನ ಹೊಗೆ ಸಿಡ್ನಿ ನಗರವನ್ನು ಕವಿಯಿತು. ಊರಿನಲ್ಲಿ ನೆರೆ, ಮಕ್ಕಳಿದ್ದ ಕಡೆ ಬೆಂಕಿ: ಎರಡರ ಬೇರೂ ಬಹುಮಟ್ಟಿಗೆ ಒಂದೇ ಸಾಗರದಲ್ಲಿತ್ತು. 2023ರಲ್ಲೂ ದ್ವಿಧ್ರುವ ಧನಾತ್ಮಕವಾಗಿತ್ತು. ಆದರೆ ಅದು ಬಲ ಪಡೆಯುವಷ್ಟರಲ್ಲಿ ಆಗಸ್ಟ್‌ ಕಳೆದುಹೋಗಿತ್ತು.

ಕೊಲ್ಲಿಯಲ್ಲಿ ದಾಖಲೆ ಮಳೆ

ಮರುಭೂಮಿಯೂ ಇದರಿಂದ ಹೊರತಲ್ಲ. 2024ರ ಏಪ್ರಿಲ್‌ 16ರಂದು ಯುಎಇಯ ಅಲ್‌ ಐನ್‌ ಪ್ರದೇಶದ ಒಂದು ಕೇಂದ್ರದಲ್ಲಿ 24 ಗಂಟೆಯೊಳಗೆ 254.8 ಮಿಲಿಮೀಟರ್‌ ಮಳೆ ದಾಖಲಾಯಿತು. 1949ರಲ್ಲಿ ದಾಖಲೆ ಇಡಲು ಶುರುವಾದ ಮೇಲೆ ಅಲ್ಲಿ ಇಷ್ಟು ಮಳೆ ಬಂದಿರಲಿಲ್ಲ. ದುಬೈ ವಿಮಾನ ನಿಲ್ದಾಣ ಜಲಾವೃತವಾಗಿ ನೂರಾರು ವಿಮಾನಗಳು ರದ್ದಾದವು. ಮೋಡ ಬಿತ್ತನೆಯೇ ಕಾರಣ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತು. ಆದರೆ ‘ವರ್ಲ್ಡ್‌ ವೆದರ್‌ ಆಟ್ರಿಬ್ಯೂಷನ್‌’ ವಿಜ್ಞಾನಿಗಳ ತಂಡ ಅದನ್ನು ಒಪ್ಪಲಿಲ್ಲ. ಎಲ್‌ ನಿನೊ ಇರುವ ವರ್ಷಗಳಲ್ಲಿ ಈ ಭಾಗದ ಅತಿ ಜೋರು ಮಳೆಯ ತೀವ್ರತೆ ಈಗ ಶೇ 10ರಿಂದ 40ರಷ್ಟು ಹೆಚ್ಚಿದೆ, ಭೂಮಿ ಬಿಸಿಯಾಗುತ್ತಿರುವುದು ಇದಕ್ಕೆ ಕಾರಣವಿರಬಹುದು ಎಂದು ಆ ತಂಡ ಹೇಳಿತು.

ಕುಟುಂಬಗಳು ಏನು ಮಾಡಬಹುದು?

ಭೂಕಂಪದಂತೆ ಇದು ಹೇಳದೆ ಕೇಳದೆ ಬರುವುದಿಲ್ಲ. ಸಾಗರ ನಿಧಾನವಾಗಿ ಬಿಸಿಯಾಗುವುದರಿಂದ ತಿಂಗಳುಗಳ ಮೊದಲೇ ಸುಳಿವು ಸಿಗುತ್ತದೆ. ಭಾರತೀಯ ಹವಾಮಾನ ಇಲಾಖೆ ಏಪ್ರಿಲ್‌ನಲ್ಲಿ ಮುಂಗಾರಿನ ಮೊದಲ ಮುನ್ಸೂಚನೆ ನೀಡಿ, ಮೇ ಕೊನೆಯ ಹೊತ್ತಿಗೆ ಅದನ್ನು ಪರಿಷ್ಕರಿಸುತ್ತದೆ. ಮಾರ್ಚ್‌–ಏಪ್ರಿಲ್‌ನಲ್ಲಿ ಕೇಳಿಬರುವ ಎಲ್‌ ನಿನೊ ಅಂದಾಜುಗಳು ತಪ್ಪುವ ಸಂಭವ ಹೆಚ್ಚು. ಹಾಗಾಗಿ ಮೇ ತಿಂಗಳ ಮುನ್ಸೂಚನೆಗೆ ಹೆಚ್ಚು ಬೆಲೆ ಕೊಡುವುದು ಜಾಣತನ.

ಮಳೆ ಕಡಿಮೆ ಎಂಬ ಸೂಚನೆ ಇದ್ದರೆ ಊರಿಗೆ ಕಳಿಸುವ ಹಣವನ್ನು ಹೊಸ ಕೊಳವೆಬಾವಿಗೆ ಸುರಿಯುವ ಮೊದಲು ಯೋಚಿಸಬೇಕು. ಇರುವ ಬಾವಿಗೆ ಮಳೆನೀರು ಇಂಗಿಸುವುದು, ಕಡಿಮೆ ನೀರು ಬೇಡುವ ಬೆಳೆ ಹಾಕುವುದು, ಬೆಳೆ ವಿಮೆ ಮಾಡಿಸುವುದು ಹೆಚ್ಚು ಸುರಕ್ಷಿತ. ವಿಮೆಯ ಗಡುವು ಬೆಳೆಯಿಂದ ಬೆಳೆಗೆ ಬೇರೆ. ಊರಿನವರು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಕೊಂಡರೆ ಸಾಕು. ಕೊಲ್ಲಿಯಲ್ಲಿ ಭಾರಿ ಮಳೆಯ ಎಚ್ಚರಿಕೆ ಇರುವಾಗ ಪ್ರಯಾಣವನ್ನು ಒಂದೆರಡು ದಿನ ಮುಂದೂಡಿದರೆ ವಿಮಾನ ನಿಲ್ದಾಣದಲ್ಲಿ ರಾತ್ರಿ ಕಳೆಯುವುದು ತಪ್ಪುತ್ತದೆ.

ಎಲ್‌ ನಿನೊ ಬಂದರೆ ಬರ ಖಚಿತ ಎಂದೇನೂ ಇಲ್ಲ, 1997 ಅದನ್ನು ತೋರಿಸಿದೆ. ಆದರೆ 2023ರಂತಹ ವರ್ಷ ಮತ್ತೆ ಬಂದಾಗ, ಮೇ ತಿಂಗಳಲ್ಲೇ ಊರಿನವರೊಡನೆ ಫೋನಿನಲ್ಲಿ ಈ ಮಾತು ಆಡಿಟ್ಟುಕೊಂಡ ಮನೆಗೆ ಹೊಡೆತ ಕಡಿಮೆ.