ಸೋಗಾನೆಯಲ್ಲಿ ಇಳಿಯೋಕೆ ಯಾರ ಅಪ್ಪಣೆ ಬೇಕು?

ಕಿಸೆ ತುಂಬ ದುಡ್ಡಿರೋನಿಗೆ ಪುಕ್ಕಟೆ ಸಿಗೋ ಸಾಮಾನು, ಕಡಿಮೆ ದುಡ್ಡಿರೋನಿಗೆ ಕಾಸು ಕೊಟ್ಟರೆ ಮಾತ್ರ. ಇಂಥ ಅಂಗಡಿ ನಮ್ಮೂರ ಸಂತೆಯಲ್ಲಿ ಇದ್ದಿದ್ದರೆ ಎರಡನೇ ವಾರಕ್ಕೆ ಜನ ಗಂಟುಮೂಟೆ ಕಟ್ಟಿಸಿ ಕಳಿಸ್ತಿದ್ರು. ಆದರೆ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಎಕ್ಸ್‌ಬಾಕ್ಸ್‌ಗೆ ಬಂದ 2021ರಿಂದ ಇದೇ ವ್ಯಾಪಾರ ನಡೀತಿದೆ. ನಾವು ಓದಿದವರು, ಸಂಬಳದಾರರು, ಸುಮ್ಮನೆ ಕಾರ್ಡ್ ನಂಬರ್ ಒತ್ತುತ್ತಾ ಇದ್ದೇವೆ.

ಈ ಆಟದ ಗೋಜಿಗೆ ಹೋಗದವರಿಗೆ ಸ್ವಲ್ಪ ಹಿನ್ನೆಲೆ. ಇದರೊಳಗೆ ಇಡೀ ಭೂಮಿ ಇದೆ, 37,000ಕ್ಕೂ ಹೆಚ್ಚು ವಿಮಾನ ನಿಲ್ದಾಣ ಇವೆ. ಆದರೆ 2020ರ ಆವೃತ್ತಿ ಬಂದಾಗ ಅವುಗಳಲ್ಲಿ ಕೈಯಾರೆ ಕೂತು ಕಟ್ಟಿದ್ದು ಬರೀ 30. ಇನ್ನೂ ಹತ್ತು ಬೇಕಂದ್ರೆ ದುಬಾರಿ ಆವೃತ್ತಿ ಕೊಳ್ಳಬೇಕು. ಆ ನಲವತ್ತರಲ್ಲಿ ಭೂತಾನಿನ ಪಾರೋ ಇದೆ, ನೇಪಾಳದ ಲುಕ್ಲಾ ಇದೆ, ಭಾರತದ್ದು ಒಂದೂ ಇರಲಿಲ್ಲ. ಉಳಿದ ಸಾವಿರಾರು ನಿಲ್ದಾಣಗಳ ಕಥೆ ಏನಪ್ಪಾ ಅಂದ್ರೆ, ರನ್‌ವೇ ಸರಿಯಾದ ಜಾಗದಲ್ಲೇ ಇರುತ್ತೆ, ಪಕ್ಕದಲ್ಲಿ ಎಲ್ಲೋ ನೋಡಿದ ಹಾಗಿರೋ ಡಬ್ಬದಂಥ ಒಂದು ಕಟ್ಟಡ. ಆ ಡಬ್ಬ ತೆಗೆದು ಅಸಲಿ ಟರ್ಮಿನಲ್, ಅಸಲಿ ಬೋರ್ಡು, ಅಸಲಿ ಪಾರ್ಕಿಂಗ್ ಕೂರಿಸೋದಕ್ಕೇ ಆಡ್‌-ಆನ್ ಸೀನರಿ ಅನ್ನೋದು.

ಕಂಪ್ಯೂಟರಿನಲ್ಲಿ ಆಡೋರಿಗೆ ಇದು ಎಡಗೈ ಕೆಲಸ. 'ಕಮ್ಯುನಿಟಿ' ಅಂತ ಒಂದು ಫೋಲ್ಡರ್ ಇದೆ. ಯಾವನೋ ಪುಣ್ಯಾತ್ಮ ತನ್ನ ಊರಿನ ನಿಲ್ದಾಣವನ್ನ ಪ್ರೀತಿಯಿಂದ ಮಾಡಿ ಹಂಚಿರ್ತಾನೆ, ಇಳಿಸಿಕೊಂಡು ಅದರೊಳಗೆ ಹಾಕಿದರೆ ಆಯ್ತು. ಮಾಡೋಕೆ ಬೇಕಾದ ಉಪಕರಣಗಳನ್ನ ಮೈಕ್ರೋಸಾಫ್ಟೇ ಪುಕ್ಕಟೆ ಕೊಟ್ಟಿದೆ. ಎಕ್ಸ್‌ಬಾಕ್ಸ್‌ನಲ್ಲಿ ಆ ಫೋಲ್ಡರ್ ಇಲ್ಲ. ಇರೋದು ಆಟದೊಳಗಿನ ಮಾರ್ಕೆಟ್‌ಪ್ಲೇಸ್ ಒಂದೇ. ಅಲ್ಲೂ ಕೆಲವು ಪುಕ್ಕಟೆ ಸಿಗುತ್ತವೆ, ನಿಜ. ಆದರೆ ಏನು ಸಿಗಬೇಕು, ಏನು ಸಿಗಬಾರದು ಅನ್ನೋದು ಅಂಗಡಿಯವನ ಮರ್ಜಿ. 2024ರ ಹೊಸ ಆವೃತ್ತಿ ಬಂತು, ಎಕ್ಸ್‌ಬಾಕ್ಸ್‌ನವರಿಗೆ ಈ ಬಾಗಿಲು ಮಾತ್ರ ತೆರೀಲಿಲ್ಲ.

ಈಗ ಲೆಕ್ಕ ಹಾಕಿ. ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಭಾರತಕ್ಕೆ ಬಂದಾಗ ಬೆಲೆ 34,990 ರೂಪಾಯಿ. ಇದೇ ಆಟವನ್ನ ನೆಟ್ಟಗೆ ಓಡಿಸೋ ಕಂಪ್ಯೂಟರ್ ಕಟ್ಟೋಕೆ ಹೋದ್ರೆ ಅದರ ಎರಡು ಮೂರು ಪಟ್ಟು ಸಲೀಸಾಗಿ ಕರಗುತ್ತೆ. ಅಂದ್ರೆ ಕನ್ಸೋಲ್ ಕೊಳ್ಳೋನು ಕಂತು ಕಟ್ಟಿ ಕೊಳ್ಳೋನು. ಪ್ರತಿ ನಿಲ್ದಾಣಕ್ಕೂ ಬಿಲ್ ಹಾಕ್ತಿರೋದು ಅವನಿಗೇ!

ನಮ್ಮ ಶಿವಮೊಗ್ಗವನ್ನೇ ತಗೊಳ್ಳಿ. ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆ ಆಗಿದ್ದು 2023ರ ಫೆಬ್ರವರಿ 27ರಂದು. 3,200 ಮೀಟರ್ ರನ್‌ವೇ, ತಾವರೆ ಆಕಾರದ ಟರ್ಮಿನಲ್. ದುಡ್ಡಿಗೋಸ್ಕರ ಸೀನರಿ ಮಾಡೋ ಕಂಪನಿ ಹೀಥ್ರೋ ಮಾಡುತ್ತೆ, ದುಬೈ ಮಾಡುತ್ತೆ, ಬಿಟ್ಟರೆ ಬೆಂಗಳೂರು ಮಾಡುತ್ತೆ. ಸೋಗಾನೆ ಮಾಡಿದರೆ ಎಷ್ಟು ಜನ ಕೊಳ್ತಾರೆ ಮಾರಾಯ್ರೆ? ಕಲಬುರಗಿ? ಬೀದರ್? ಇಂಥ ನಿಲ್ದಾಣಗಳನ್ನ ಮಾಡೋನು ಅದೇ ಊರಿನ ಹುಡುಗ, ರಾತ್ರಿ ನಿದ್ದೆಗೆಟ್ಟು, ಪೈಸೆ ಕೇಳದೆ. ಮಾರುಕಟ್ಟೆಗೆ ಬೇಡವಾದ ಊರುಗಳು ಉಳಿಯೋದೇ ಇಂಥ ಹುಚ್ಚರಿಂದ. ಅವನು ಮಾಡಿದ್ದನ್ನ ಅವನದೇ ಬೀದಿಯ ಎಕ್ಸ್‌ಬಾಕ್ಸ್ ಹುಡುಗ ನೋಡೋಕಾಗಲ್ಲ ಅಂದ್ರೆ, ಇದು ಯಾವ ಸೀಮೆ ನ್ಯಾಯ?

ಸಮಜಾಯಿಷಿ ಸಿದ್ಧ ಇದೆ, ಗೊತ್ತು. ಮೊದಲನೆಯದು, ಸುರಕ್ಷತೆ. ಯಾರ್ಯಾರದ್ದೋ ಕೋಡ್ ಕನ್ಸೋಲ್‌ನಲ್ಲಿ ಓಡಬಾರದಂತೆ. ಒಪ್ಪೋಣ. ಆದರೆ ಸಾಧಾರಣ ಸೀನರಿಯಲ್ಲಿ ಓಡೋ ಕೋಡ್ ಇರಲ್ಲ. ಅದರಲ್ಲಿರೋದು ಕಟ್ಟಡಗಳ ಆಕಾರ, ಅದಕ್ಕೆ ಹಚ್ಚೋ ಚಿತ್ರಗಳು, ಎಲ್ಲಿ ಏನಿಡಬೇಕು ಅನ್ನೋ ಪಟ್ಟಿ. ವಿಮಾನದ ಆಡ್‌-ಆನ್‌ಗೂ ಇದಕ್ಕೂ ಇರೋ ವ್ಯತ್ಯಾಸ ಅದೇ. ಕೋಡ್ ಇರೋ ಪ್ಯಾಕೇಜನ್ನ ಬಾಗಿಲಲ್ಲೇ ತಡೀರಿ, ಇಟ್ಟಿಗೆ ಸಿಮೆಂಟು ಹೊತ್ತು ಬಂದವನನ್ನ ಯಾಕೆ ತಡೀತೀರಿ?

ಎರಡನೆಯದು, ಮೆಮೊರಿ. ಸೀರೀಸ್ ಎಸ್‌ನಲ್ಲಿ ಇರೋದು 10 ಜಿಬಿ, ಭಾರದ ಸೀನರಿ ಹಾಕಿದ್ರೆ ಆಟ ಬಿದ್ದುಹೋಗುತ್ತೆ. ಇದು ಹುರುಳಿರೋ ಮಾತು. ಅದಕ್ಕೆ ಮದ್ದು ಗಾತ್ರದ ಮಿತಿ ಮತ್ತು ಪರೀಕ್ಷೆ, ಬಾಗಿಲಿಗೆ ಬೀಗ ಅಲ್ಲ. ಸ್ವಿಟ್ಜರ್ಲೆಂಡಿನ ಜೈಂಟ್ಸ್ ಸಾಫ್ಟ್‌ವೇರ್ ತನ್ನ ಫಾರ್ಮಿಂಗ್ ಸಿಮ್ಯುಲೇಟರ್ 17ರಿಂದಲೇ ಇದನ್ನ ಮಾಡಿ ತೋರಿಸಿದೆ. ಆಡೋರೇ ಮಾಡಿದ ಟ್ರ್ಯಾಕ್ಟರು, ಹೊಲ, ಕೊಟ್ಟಿಗೆ ಎಲ್ಲ ಪರೀಕ್ಷೆ ದಾಟಿ ಕನ್ಸೋಲ್‌ಗೂ ಪುಕ್ಕಟೆ ಬರುತ್ತವೆ. ಸ್ಕ್ರಿಪ್ಟ್ ಇರೋವಕ್ಕೆ ಮಾತ್ರ ಕನ್ಸೋಲ್‌ನಲ್ಲಿ ಪ್ರವೇಶ ಇಲ್ಲ. ಇವರೆಲ್ಲ ಓಡಿಸ್ತಿರೋದು ಎಕ್ಸ್‌ಬಾಕ್ಸ್‌ನಲ್ಲೇ ಸ್ವಾಮಿ, ಬೇರೆ ಗ್ರಹದಲ್ಲಲ್ಲ. ಟ್ರ್ಯಾಕ್ಟರಿಗೆ ಆಗೋ ಕೆಲಸ ಟರ್ಮಿನಲ್ಲಿಗೆ ಯಾಕೆ ಆಗಲ್ಲ?

ಮೂರನೆಯದು, ಸೀನರಿ ಮಾಡಿ ಬದುಕೋರ ಹೊಟ್ಟೆ ಮೇಲೆ ಹೊಡೀಬೇಡಿ ಅನ್ನೋದು. ಯಾರೂ ಹೊಡೀತಿಲ್ಲ. ಕಂಪ್ಯೂಟರಿನಲ್ಲಿ ಪುಕ್ಕಟೆ ಸೀನರಿಯೂ ದುಡ್ಡಿನ ಸೀನರಿಯೂ ವರ್ಷಗಟ್ಟಲೆಯಿಂದ ಅಕ್ಕಪಕ್ಕ ಇವೆ. ಒಳ್ಳೆ ಕೆಲಸಕ್ಕೆ ಜನ ದುಡ್ಡು ಕೊಟ್ಟೇ ಕೊಡ್ತಾರೆ. ದೇವಸ್ಥಾನದಲ್ಲಿ ಅನ್ನಸಂತರ್ಪಣೆ ನಡೆದರೆ ಎದುರಿಗಿನ ಹೋಟೆಲ್ ಮುಚ್ಚಲ್ಲ.

ಬೀಗ ಹಾಕಿದರೆ ಏನಾಗುತ್ತೆ ಅಂತ ಈ ಕಂಪನಿಗೆ ನಾವು ಹೇಳಿಕೊಡಬೇಕಿಲ್ಲ. 2012ರ ಫೆಬ್ರವರಿಯಲ್ಲಿ 'ಮೈಕ್ರೋಸಾಫ್ಟ್ ಫ್ಲೈಟ್' ಅಂತ ಒಂದು ಆಟ ಬಿಟ್ಟರು. ಹೊರಗಿನವರ ಆಡ್‌-ಆನ್‌ಗೆ ಅವಕಾಶ ಇಲ್ಲ, ಏನಿದ್ರೂ ನಮ್ಮದೇ ಕೊಳ್ಳಿ ಅಂದರು. ಅದೇ ಜುಲೈನಲ್ಲಿ ಅದರ ಕೆಲಸ ನಿಲ್ಲಿಸಿದರು. ಅದಕ್ಕಿಂತ ಮುಂಚೆ, 2006ರಲ್ಲಿ ಬಂದ ಫ್ಲೈಟ್ ಸಿಮ್ಯುಲೇಟರ್ ಎಕ್ಸ್ ವರ್ಷಾನುಗಟ್ಟಲೆ ಬದುಕಿತು. ಅದನ್ನ ಸಾಕಿದ್ದು ಹೊರಗಿನ ಜನ. ಹೊಸ ನಿಲ್ದಾಣ, ಹೊಸ ವಿಮಾನ ಮಾಡಿ ಹಾಕ್ತಾ ಹೋದರು, ಹಳೇ ಆಟ ಹಳತಾಗಲೇ ಇಲ್ಲ.

'ಬರೀ ಆಟ ಕಣ್ರೀ, ಇದಕ್ಯಾಕೆ ಇಷ್ಟು ಕೂಗಾಟ' ಅನ್ನೋರಿಗೆ ಒಂದು ಮಾತು. ಇನ್ನೊಬ್ಬರು ಮಾಡಿದ್ದನ್ನ ಬಿಚ್ಚಿ ನೋಡಿ, ನಮ್ಮದೊಂದು ಸೇರಿಸಿ, ಕೆಡಿಸಿ, ರಿಪೇರಿ ಮಾಡಿಯೇ ನಮ್ಮಲ್ಲಿ ಎಷ್ಟೋ ಜನ ಈ ಕಸುಬಿಗೆ ಬಂದಿದ್ದು. ತನ್ನೂರ ನಿಲ್ದಾಣ ಕಟ್ಟೋಕೆ ಕೂತ ಹುಡುಗಿ ನಕ್ಷೆ ಓದೋದು, ಅಳತೆ ಹಿಡಿಯೋದು, ಮೂರು ಆಯಾಮದಲ್ಲಿ ಯೋಚಿಸೋದು ಎಲ್ಲ ಕಲೀತಾಳೆ. ಟೀವಿ ಮುಂದೆ ಕೂತು ಕೊಳ್ಳೋದಷ್ಟೇ ಗೊತ್ತಿರೋ ಹುಡುಗಿಗೆ ಕಲಿಸೋದು ಕ್ರೆಡಿಟ್ ಕಾರ್ಡಿನ ಹದಿನಾರು ಅಂಕಿ ಮಾತ್ರ. ಬಿತ್ತನೆ ಬೀಜವನ್ನ ಪ್ರತಿವರ್ಷ ಅಂಗಡಿಯಿಂದಲೇ ತರೋ ರೈತ ಏನು ಕಳಕೊಂಡ ಅಂತ ಹಳ್ಳಿಯಿಂದ ಬಂದವರಿಗೆ ಬಿಡಿಸಿ ಹೇಳಬೇಕಿಲ್ಲ.

ಕೇಳ್ತಿರೋದು ದೊಡ್ಡದೇನಲ್ಲ. ಕೋಡ್ ಇಲ್ಲದ ಸೀನರಿಗೆ ಎಕ್ಸ್‌ಬಾಕ್ಸ್‌ನಲ್ಲಿ ಒಂದು ಪುಕ್ಕಟೆ ಕಪಾಟು ಕೊಡಿ. ಗಾತ್ರಕ್ಕೆ ಮಿತಿ ಹಾಕಿ, ಪರೀಕ್ಷೆ ಮಾಡಿ, ಕೆಟ್ಟದ್ದನ್ನ ತೆಗೆದುಹಾಕಿ. ಅಲ್ಲಿಯವರೆಗೆ, ಮಾರ್ಕೆಟ್‌ಪ್ಲೇಸ್‌ನಲ್ಲಿ ಇನ್ನೊಂದು ನಿಲ್ದಾಣಕ್ಕೆ ದುಡ್ಡು ಕಟ್ಟೋ ಮುಂಚೆ ನೀವೂ ಈ ಪ್ರಶ್ನೆ ಕೇಳಿ: ಇಡೀ ಭೂಮಿ ಕೊಟ್ಟಿದ್ದೀವಿ ಅಂತ ಮಾರಿದ್ರಲ್ಲ, ನಮ್ಮೂರನ್ನ ನಾವೇ ಕಟ್ಟಿಕೊಳ್ತೀವಿ ಅಂದ್ರೆ ನಿಮಗೇನು ಕಷ್ಟ?